ಅನಗವಾಡಿಯ ಉಸುಕು

೯ ಜನವರಿ, ಶುಕ್ರವಾರ

ನಿದ್ದೆ ಹತ್ತುತ್ತಿಲ್ಲ. ಗಂಡ ಪ್ರಹ್ಲಾದ ಹೊಡೆದದ್ದಕ್ಕಲ್ಲ, ನಾನು ಹೊಡೆದದ್ದಕ್ಕೆ.

ಮಗಳು ಗಾರ್ಗಿಯ ಮೀನಿನ ತೊಟ್ಟಿಗೆಂದು ಭಾವ ಅನಗವಾಡಿ ಹೊಳೆಯಿಂದ ಒಂದು ಚೀಲ ಉಸುಕು ತಂದಿದ್ದರು. ಜರಡಿ ಹಿಡಿದೆ, ನೀರು ತಿಳಿಯಾಗುವವರೆಗೆ ಬಕೆಟ್ಟಿನಲ್ಲಿ ತೊಳೆದೆ. ಒಂದು ಹಿಡಿಗೆ ವಿನೆಗರ್ ಹಾಕಿದರೆ ನೊರೆ ಎದ್ದಿತು. ಚಿಪ್ಪಿನ ಸುಣ್ಣವಿದೆ, ನೀರು ಗಡುಸಾಗುತ್ತದೆ, ನಮ್ಮ ಮೀನಿಗೆ ಆಗುವುದಿಲ್ಲ ಎಂದೆ.

ಭಾವ ನಕ್ಕರು. "ಹೊಳಿ ಮೀನು ಇದರಾಗ ಬದಕತಾವು, ನಿಮ್ಮ ಇಂಗ್ಲಿಷ್ ಸಾಲಿ ಮೀನಿಗೆ ಆಗಂಗಿಲ್ಲೇನವಾ?"

ನನ್ನ ಗಂಡ ನಗಲಿಲ್ಲ. "ನಮ್ಮಣ್ಣ ತಂದಿದ್ದಕ್ಕ ಪರೀಕ್ಷಾ ಇಡತೀಯೇನು?" ಎಂದವನೇ ಕೆನ್ನೆಗೆ ಬಾರಿಸಿದ, ಕತ್ತು ಹಿಡಿದು ನನ್ನ ಮುಖವನ್ನು ಬಕೆಟ್ಟಿಗೆ ಅದುಮಿದ. ಬಾಯಿ ತುಂಬ ಉಸುಕು. ಕೈಗೆ ಜರಡಿ ಸಿಕ್ಕಿತು, ಬೀಸಿದೆ. ಅದರ ತಗಡಿನ ಅಂಚು ಅವನ ಹುಬ್ಬು ಸೀಳಿತು. ಅವನು ಕೆಳಗೆ ಕುಸಿದ ಮೇಲೂ ನಾನು ಮತ್ತೆ ಎತ್ತಿದೆ. ಭಾವ ಕೈ ಹಿಡಿಯದಿದ್ದರೆ ನಿಲ್ಲುತ್ತಿದ್ದೆನೇ? ಆ ಕ್ಷಣ ಹಿತವೆನಿಸಿತ್ತು, ಅದನ್ನಾದರೂ ಇಲ್ಲಿ ಮುಚ್ಚಿಡಬಾರದು.

ಗಾರ್ಗಿ ಬಾಗಿಲಲ್ಲೇ ನಿಂತಿದ್ದಳು. "ಮಮ್ಮಿ, ಮೀನು ಬ್ಯಾಡ ನನಗ" ಎಂದಳು.

ಈಗ ನನ್ನ ಹತ್ತಿರವೂ ಬಾರದೆ, ಅಪ್ಪನ ಹತ್ತಿರವೂ ಹೋಗದೆ, ಖಾಲಿ ತೊಟ್ಟಿಯ ಪಕ್ಕ ಚಾಪೆ ಹಾಸಿಕೊಂಡು ಮಲಗಿದ್ದಾಳೆ. ಯಾರಿಗೆ ಹೆದರಿದ್ದಾಳೆ ಎಂದು ಕೇಳಬೇಕು. ಬಾಯಿ ಮುಕ್ಕಳಿಸಿದಷ್ಟೂ ಉಸುಕು ಬರುತ್ತಿದೆ, ಅದು ನಿಂತ ಮೇಲೆ ಕೇಳುತ್ತೇನೆ.