ಬಾಟಲಿಯಲ್ಲಿಲ್ಲದ ಚೀಲ

ಮಾಟುಂಗ, ಬೊಂಬಾಯಿ,
ಫೆಬ್ರುವರಿ 1956

ಪ್ರೀತಿಯ ಸೋದರಮಾವನಿಗೆ, ಸೇವಂತಿಯ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಪಿತ್ತಕೋಶದ ಅರ್ಧ ಒಳಗೇ ಉಳಿದಿದೆಯೆಂದು ಕೇಳಿ, ಮಂಗಳೂರಿನಲ್ಲಿ ಮತ್ತೊಮ್ಮೆ ಹೊಟ್ಟೆ ಕೊಯ್ಯಿಸಿಕೊಳ್ಳಲು ಹೊರಟಿದ್ದೀರಂತೆ. ಇದನ್ನು ಓದಿ ಮುಗಿಸುವವರೆಗೆ ದಯವಿಟ್ಟು ಹೊರಡಬೇಡಿ.

ಈ ಸುದ್ದಿ ಹುಟ್ಟಿದ್ದು ನಮ್ಮ ಹೋಟೆಲಿನ ಗಲ್ಲಾದ ಮೇಲೆ. ನೀವು ವಿಶ್ರಾಂತಿಗೆಂದು ಊರಿಗೆ ಹೋದ ಮೇಲೆ, ಆಸ್ಪತ್ರೆಯವರು ಕೊಟ್ಟಿದ್ದ ಕಲ್ಲುಗಳ ಬಾಟಲಿಯನ್ನು ಅಡುಗೆಯ ಕೊರಗ ಸೋಂಪಿನ ತಟ್ಟೆಯ ಪಕ್ಕದಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದ. "ನೋಡಿ, ನಮ್ಮ ಮೋನಪ್ಪಣ್ಣ ಹೊಟ್ಟೆಯೊಳಗೆ ಗೋಲಿ ಅಂಗಡಿ ಇಟ್ಟಿದ್ರು!" ಚೆಂಬೂರಿನ ಹೋಟೆಲಿನ ಕಾಂತಪ್ಪಣ್ಣನಿಗೂ ಇದೇ ಆಪರೇಶನ್ ಆಗಿತ್ತಲ್ಲ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು, "ಕಲ್ಲು ಸರಿ, ಚೀಲ ಎಲ್ಲಿ ಮಾರಾಯ? ನನಗೆ ಚೀಲವನ್ನೂ ಕೊಟ್ಟಿದ್ದಾರೆ" ಎಂದರು. ಅಲ್ಲೇ ನಿಂತಿದ್ದ ಅಮ್ಮ, "ಹಾಗಾದ್ರೆ ಡಾಕ್ಟ್ರು ಅರ್ಧ ಕೆಲಸ ಮಾಡಿ ಹೊಲಿದದ್ದಾ?" ಎಂದು ಅಳತೊಡಗಿದರು. ಆ ಸಂಜೆಯೇ ನಿಮಗೆ ಕಾಗದ ಹಾಕಿದರು.

ಮರುದಿನ ನಾನು ಆಸ್ಪತ್ರೆಗೆ ಹೋದೆ. "ಬಿ.ಎ. ಮಾಡಿ ಬಾಯಿ ಎಲ್ಲಿ ಇಟ್ಟು ಬಂದಿದ್ದಿ ಮಾರಾಯ್ತಿ?" ಎಂದು ನೀವು ಕೆಣಕುತ್ತಿದ್ದಿರಿ. ಡಾಕ್ಟರರ ಕೋಣೆಯ ಹೊರಗೆ ಬಹಳ ಹೊತ್ತು ನಿಂತೆ. ಕೊನೆಗೆ ಒಳಗೆ ಹೋಗಿ ಕೇಳಿಯೇಬಿಟ್ಟೆ.

ಅವರು ಬೇಸರಿಸದೆ ಹೇಳಿದರು. ಊತ ಇಳಿದ ಪಿತ್ತಕೋಶ ಇಡಿಯಾಗಿ ಬಿಡಿಸಿಕೊಂಡು ಬರುತ್ತದಂತೆ. ಕಾಂತಪ್ಪಣ್ಣನದು ಹಾಗೆ ಬಂದಿರಬೇಕು. ನಿಮ್ಮದು ಕೀವು ತುಂಬಿ ಊದಿ, ಯಕೃತ್ತಿಗೂ ಕರುಳಿಗೂ ಅಂಟಿಕೊಂಡಿತ್ತು. ಯಕೃತ್ತಿನಿಂದ ಕರುಳಿಗೆ ಪಿತ್ತ ಒಯ್ಯುವ ನಾಳ ಅದರ ಕುತ್ತಿಗೆಯ ಬಳಿಯಲ್ಲೇ ಇದೆ. ಆ ಊತದಲ್ಲಿ ಯಾವುದು ಕುತ್ತಿಗೆ, ಯಾವುದು ನಾಳ ಎಂದು ತಿಳಿಯುವಂತಿರಲಿಲ್ಲ. ನಾಳ ಕತ್ತರಿಸಿಹೋದರೆ ಜೀವಕ್ಕೇ ಅಪಾಯ. ಆದ್ದರಿಂದ ಅವರು ಕುತ್ತಿಗೆಯ ತಂಟೆಗೆ ಹೋಗದೆ, ಚೀಲವನ್ನು ತುದಿಯಿಂದ ಸೀಳಿ, ಕೀವು ಹೀರಿ, ಕಲ್ಲು ತೆಗೆದು, ಮುಂದಿನ ಗೋಡೆಯನ್ನಷ್ಟೇ ಕತ್ತರಿಸಿದರು. ಚೂರುಚೂರಾಗಿ ಬಂದ ಅದನ್ನು ಬಾಟಲಿಗೆ ಹಾಕಲಿಲ್ಲ. ಯಕೃತ್ತಿಗೆ ಅಂಟಿದ್ದ ಹಿಂದಿನ ಗೋಡೆಯನ್ನು ಅಲ್ಲೇ ಬಿಟ್ಟು, ಮತ್ತೆ ದ್ರವ ಒಸರದಂತೆ ಅದರ ಒಳಪೊರೆಯನ್ನು ಸುಟ್ಟರು. ನಿಮ್ಮ ಪಕ್ಕೆಯಲ್ಲಿ ರಬ್ಬರ್ ನಳಿಗೆ ಇಟ್ಟದ್ದು ಸೋರುವ ಪಿತ್ತ ಹೊರಗೆ ಹೋಗಲೆಂದು.

"ಇಡೀ ಚೀಲ ಕಿತ್ತು ತಂದು ತೋರಿಸಬಹುದಿತ್ತು. ಆದರೆ ನೋಡುವುದಕ್ಕೆ ನಿಮ್ಮ ಮಾವ ಇರುತ್ತಿದ್ದರೋ ಇಲ್ಲವೋ" ಎಂದರು.

ಹಿಂದಿರುಗುವಾಗ ಲೋಕಲ್ ರೈಲಿನಲ್ಲಿ ನಿಮ್ಮದೇ ಮಾತು ನೆನಪಾಯಿತು. ಹೊಸ ಕಾವಲಿಗೆ ಅಂಟಿದ ದೋಸೆಯನ್ನು ಕೊರಗ ಕೆರೆಯುತ್ತಿದ್ದಾಗ ನೀವು ಗಲ್ಲಾದಿಂದಲೇ ಕೂಗಿದ್ದಿರಿ: "ಬಿಡು ಮಾರಾಯ! ದೋಸೆ ಹೋದ್ರೆ ಹೋಗ್ಲಿ, ಕಾವಲಿ ಹಾಳು ಮಾಡ್ಬೇಡ." ಅಮ್ಮನಿಗೆ ಇಷ್ಟನ್ನೇ ಹೇಳಿದೆ. "ಬಿ.ಎ.ಯಲ್ಲಿ ದೋಸೆಯನ್ನೂ ಕಲಿಸ್ತಾರಾ?" ಎಂದು ಅತ್ತ ಮುಖದಲ್ಲೇ ನಕ್ಕರು.

ಜ್ವರ ಬಂದರೆ, ನೋವು ಕಾಣಿಸಿದರೆ, ಕಣ್ಣು ಹಳದಿಯಾದರೆ ಕೂಡಲೇ ಬರಬೇಕೆಂದು ಡಾಕ್ಟರರು ಹೇಳಿದ್ದಾರೆ. ಅದೇನೂ ಇಲ್ಲದಿದ್ದರೆ ಯಾರ ಕತ್ತಿಯ ಕೆಳಗೂ ಮಲಗಬೇಡಿ, ಮಾವ. ಬಾಟಲಿಯನ್ನು ತೆಗೆದು ಒಳಗಿಟ್ಟಿದ್ದೇನೆ. ಗಲ್ಲಾದ ಮೇಲೆ ಈಗ ಸೋಂಪಿನ ತಟ್ಟೆಯೊಂದೇ ಇದೆ; ಅದರ ಹಿಂದಿನ ಕುರ್ಚಿಯಲ್ಲಿ ಯಾರೂ ಕೂರುತ್ತಿಲ್ಲ.

ನಿಮ್ಮ ಹೊಟ್ಟೆ ತಣ್ಣಗಿರಲಿ.

ನಿಮ್ಮ ಸೊಸೆ,
ಸೇವಂತಿ