ಮೊದಲ ಮೂರು ಸಾಲು

ಮಾರ್ಚ್ ೪, ಸೋಮವಾರ

ನನ್ನ ಪುಟ್ಟ ತಂಗಿಗೆ ಅಕ್ಕ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಪತ್ರಿಕೆಯಲ್ಲಿ ನನ್ನ ಫೋಟೊ ನೋಡಿ ಕುಣಿದಾಡಿದೆಯಂತೆ. ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದರೆ ಒಲೆಗೆ ಹಾಕು. ಆ ನಗುಮುಖ ಕಂಡರೆ ನನಗೆ ಆಗುವುದಿಲ್ಲ.

ಹಗಲು ಕಿವಿಯ ವಿಜ್ಞಾನ, ಸಂಜೆ ಸಂಗೀತ ರಚನೆ. ಎರಡು ದೋಣಿಯಲ್ಲಿ ಕಾಲಿಟ್ಟವಳು ಎಂದು ಅಮ್ಮ ಬೈಯುತ್ತಿದ್ದುದು ನಿನಗೆ ಗೊತ್ತಲ್ಲ. ಒಂಬತ್ತು ವರ್ಷ ಕೂತು ಬರೆದ ಒಪೆರಾವನ್ನು ರಂಗಕ್ಕೆ ತರಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಬಂದವನು ಜವಳಿ ಗಿರಣಿಯ ಮಾಲೀಕ. ಅದೇ ತಿಂಗಳು ಅವನ ಮಗ್ಗದ ಶೆಡ್ಡಿನ ಸದ್ದು ಅಳೆಯುವ ಕೆಲಸ ನಮ್ಮ ಪ್ರಯೋಗಾಲಯಕ್ಕೆ ಬಂದಿತ್ತು. ನಾನೇ ಹೋದೆ. ಅಲ್ಲಿ ಒಂದು ಗಂಟೆ ನಿಂತರೆ ಸಂಜೆಯವರೆಗೂ ಕಿವಿಯೊಳಗೆ ಜೀರುಂಡೆ. ಮಗ್ಗದ ಕಾರ್ಮಿಕರು ದಿನಕ್ಕೆ ಎಂಟು ಗಂಟೆ ನಿಲ್ಲುತ್ತಾರೆ.

ಮಾಲೀಕ ಹೆಚ್ಚೇನೂ ಕೇಳಲಿಲ್ಲ. "ಮೇಡಂ, ಊಟದ ಹೊತ್ತಲ್ಲಿ ಇನ್ನೊಂದ್ಸಲ ಅಳೀಬಹುದಲ್ವಾ?" ಅಂದ. ಆ ಹೊತ್ತಿನಲ್ಲಿ ಅರ್ಧಕ್ಕರ್ಧ ಮಗ್ಗ ನಿಂತಿರುತ್ತವೆ. ಅಳೆದೆ. ಅಪಾಯವಿಲ್ಲ ಎಂದು ಬರೆದು ಸಹಿ ಹಾಕಿದೆ.

ಹೋದ ವಾರದ ಮೊದಲ ಪ್ರದರ್ಶನಕ್ಕೆ ಅವನು ರಂಗದ ಮುಂದಿನ ಮೂರು ಸಾಲು ಕುರ್ಚಿಗಳನ್ನು ತನ್ನ ಕಾರ್ಮಿಕರಿಗೆ ಕೊಟ್ಟಿದ್ದ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಿದ್ದರು ಪಾಪ. ಎರಡನೇ ಅಂಕದಲ್ಲಿ ತಾಯಿಯ ಪಾತ್ರದವಳು ವಾದ್ಯಗಳಿಲ್ಲದೆ, ಪಿಸುಮಾತಿನಷ್ಟು ಮೆಲ್ಲಗೆ ಹಾಡುತ್ತಾಳೆ. ನಾನು ಬರೆದದ್ದರಲ್ಲಿ ನೆಟ್ಟಗಿರುವುದು ಅದೊಂದೇ. ಹಿಂದಿನ ಸಾಲುಗಳು ಉಸಿರು ಬಿಗಿಹಿಡಿದು ಕೇಳುತ್ತಿದ್ದವು. ಮುಂದಿನವರು ಹಾಡು ಮುಗಿಯಿತೆಂದುಕೊಂಡು ಚಪ್ಪಾಳೆ ತಟ್ಟಿದರು. ಹಿಂದಿನವರು ಶ್ ಎಂದರು. ಅದೂ ಅವರಿಗೆ ಕೇಳಿಸಲಿಲ್ಲ. ಯಾರೋ ಕಿಸಕ್ಕನೆ ನಕ್ಕರು.

ಆಮೇಲೆ ಮಗ್ಗದ ಹೆಂಗಸೊಬ್ಬಳು ನನ್ನ ಎರಡೂ ಕೈ ಹಿಡಿದುಕೊಂಡಳು. "ತುಂಬಾ ಚೆನ್ನಾಗಿತ್ತಮ್ಮಾ! ಆ ತಾಯಿ ಯಾಕೆ ಅಷ್ಟೊತ್ತು ಬರೀ ಬಾಯಿ ಆಡಿಸ್ತಿದ್ಲು?" ಈಗಿನ ಕಾಲದ ಒಪೆರಾ ಹಾಗೇ ಎಂದೆ. ಅವಳಿಗೆ ಕೇಳಿಸಲಿಲ್ಲ. ಸುಳ್ಳನ್ನು ಇನ್ನೊಮ್ಮೆ ಕಿರುಚಿ ಹೇಳಬೇಕಾಯಿತು.

ಮಾಲೀಕನನ್ನು ಬೈಯೋಣವೆಂದರೆ ಆಕಾಶಕ್ಕೆ ಉಗುಳಿದ ಹಾಗೆ, ನನ್ನ ಮುಖದ ಮೇಲೇ ಬೀಳುತ್ತದೆ. ಸಾಕು. ನಾಳೆ ಬೆಳಿಗ್ಗೆಯೇ ನಿಜವಾದ ಅಳತೆಗಳನ್ನು ಕಾರ್ಮಿಕ ಇಲಾಖೆಗೆ ಕಳಿಸುತ್ತೇನೆ. ಒಪೆರಾ ನಿಂತರೆ ನಿಲ್ಲಲಿ, ಕೆಲಸ ಹೋದರೆ ಹೋಗಲಿ.

ಇಂತಿ, ಹೊಗಳಿಕೆಗೆ ಲಾಯಕ್ಕಿಲ್ಲದ
ನಿನ್ನ ಅಕ್ಕ

ತಾ.ಕ.: ಇಷ್ಟು ಬರೆದು ಹನ್ನೆರಡು ದಿನವಾಯಿತು. ಏನನ್ನೂ ಕಳಿಸಿಲ್ಲ. ನಿನ್ನೆ ಎರಡನೇ ಪ್ರದರ್ಶನ. ಮುಂದಿನ ಸಾಲುಗಳನ್ನು ಈ ಸಲ ಬೇರೆಯವರಿಗೆ ಕೊಡಿ ಎಂದು ಮಾಲೀಕನಿಗೆ ಹೇಳಿದವಳು ನಾನೇ. ತಾಯಿಯ ಹಾಡು ಒಂದು ಕೆಮ್ಮೂ ಇಲ್ಲದೆ ಸಾಗಿತು, ನನಗೆ ಖುಷಿಯೂ ಆಯಿತು. ಥೂ. ಅಳತೆಯ ಹಾಳೆಗಳು ಈ ಲಕೋಟೆಯಲ್ಲೇ ಇವೆ, ಇಲಾಖೆಗೆ ನೀನೇ ಕಳಿಸಿಬಿಡು. ಬೇಡವೆಂದು ಹೇಳಲು ನಾನು ಫೋನ್ ಮಾಡುತ್ತೇನೆ. ಎತ್ತಬೇಡ.