ನಿದ್ದೆಯಲ್ಲಿ ಓಡುವ ತರಲೆ

ಫೆಬ್ರವರಿ 3, ಬೆಳಿಗ್ಗೆ

ಮತ್ತೆ ಪರದೆಯ ಅಂಚು ಕಚ್ಚಿಕೊಂಡು ಮನೆಯೆಲ್ಲ ಸುತ್ತಿದ ತರಲೆ. ಗಿರಾಕಿಯ ಪರದೆ! ಹೊಲಿಗೆ ಮಷಿನ್ ಬಿಟ್ಟು ಎದ್ದೆ. ಹತ್ತು ವರ್ಷದ ಟೆರಿಯರ್ ನಾಯಿ — ಬುದ್ಧಿ ಮಾತ್ರ ಮೊನ್ನೆ ಹುಟ್ಟಿದ್ದು. ಸೋಫಾ ಹಾರಿ ಇಳಿದು ಕೆಮ್ಮಿದ. ಒಣ ಕೆಮ್ಮು. ದಾರ ನುಂಗಿದನೋ ಏನೋ...

ಫೆಬ್ರವರಿ 6

ದಾರ ಅಲ್ಲ. ಹೃದಯ ದೊಡ್ಡದಾಗಿದೆಯಂತೆ. ನಾಯಿ ಡಾಕ್ಟರು ಮಾತ್ರೆ ಬರೆದರು. "ಓಡಿಸ್ಬೇಡಿ, ಹಾರೋಕೆ ಬಿಡ್ಬೇಡಿ. ಮೆಲ್ಲಗೆ ನಡೆಸಿ, ಸಾಕು."

ತರಲೆ ಅಂತ ಹೆಸರಿಟ್ಟವಳು ನಾನೇ. ಅವನಿಗೆ ಮೆಲ್ಲಗೆ ನಡೆಯುವುದನ್ನು ಯಾರು ಕಲಿಸಬೇಕು? ದಾರಿಯುದ್ದಕ್ಕೂ ಅಳು ಬಂತು.

ಫೆಬ್ರವರಿ 19, ಮಧ್ಯಾಹ್ನ

ಈಗ ಗಿಡ್ಡ ಚೈನು. ಬೇಲಿಯ ಅಳಿಲು ಅಣಕಿಸಿ ಹೋಗುತ್ತದೆ, ಇವನು ನನ್ನ ಮುಖ ನೋಡುತ್ತಾನೆ.

ಬಟ್ಟೆರಾಶಿಯ ಮೇಲೆ ಮಲಗಿದ್ದಾನೆ. ನಿದ್ದೆಯಲ್ಲೇ ನಾಲ್ಕೂ ಕಾಲು ಓಡುತ್ತಿವೆ. ಬಿಸಿಲು, ಹಾರಾಡುವ ನೂಲಿನ ಧೂಳು... ಎಲ್ಲಿಗೆ ಹೊರಟಿದ್ದಾನೋ ಮಹಾರಾಯ. ಎದೆ ಮುಟ್ಟಿದೆ. ಡವಡವ. ಹೆದರಿ ಎಬ್ಬಿಸಿಬಿಟ್ಟೆ.

ಫೆಬ್ರವರಿ 27

ಕಣ್ಣು ಮುಚ್ಚಿದರೆ ಅವನು ಓಡುವುದು, ಕಾಲಾಡಿದರೆ ನಾನು ಎಬ್ಬಿಸುವುದು. ಇಬ್ಬರಿಗೂ ನಿದ್ದೆಯಿಲ್ಲ. ಬಸ್ ಡಿಪೋದಿಂದ ಬಂದ ಅಣ್ಣ ನೋಡುತ್ತ ನಿಂತಿದ್ದ. "ಕನಸಿಗೂ ಚೈನ್ ಹಾಕ್ತೀಯೇನೇ?" ಮೈ ಉರಿಯಿತು. ಆಮೇಲೆ ನಾಚಿಕೆಯಾಯಿತು.

ಮಾರ್ಚ್ 2

ಡಾಕ್ಟರಿಗೇ ಫೋನ್ ಮಾಡಿದೆ. "ನಿದ್ದೇಲಿ ಓಡಿದ್ರೂ ಅಪಾಯಾನಾ, ಡಾಕ್ಟ್ರೇ?"

ನಗಲಿಲ್ಲ, ಪುಣ್ಯಾತ್ಮ. "ಇಲ್ಲಮ್ಮ, ಪಾಪ, ಮಲಗೋಕೆ ಬಿಡಿ. ಮಾತ್ರೆಯಿಂದ ವಾಸಿಯಂತೂ ಆಗಲ್ಲ. ಒಂದಷ್ಟು ದಿನ ಜಾಸ್ತಿ ಸಿಗುತ್ತೆ."

"ಒಂದ್ಸಲ ನಿಜವಾಗ್ಲೂ ಓಡಿದ್ರೆ?"

"ಆ ದಿನಗಳು ಕಮ್ಮಿ ಆಗ್ಬಹುದು. ಅದು ನಿಮಗೆ ಬಿಟ್ಟಿದ್ದು."

ನನಗೆ ಬಿಟ್ಟಿದ್ದಂತೆ. ನನಗೆ ಅವನು ಬೇಕು. ಅಷ್ಟೇ ಗೊತ್ತು.

ಮಾರ್ಚ್ 8

ಚೈನು ಕೈಗೆತ್ತಿಕೊಂಡರೂ ಏಳುವುದಿಲ್ಲ ಈಗ. ಅಳಿಲು ಹೊಸಿಲವರೆಗೂ ಬಂದಿತ್ತು. ಮುಖ ತಿರುಗಿಸಿದ. ಯಾರಿವನು? ನನ್ನ ತರಲೆ ಅಲ್ಲ.

ಮಾರ್ಚ್ 11, ಬೆಳಿಗ್ಗೆ

ಬಡಾವಣೆಯ ಹಿಂದಿನ ಬಯಲು. ಮಂಜು. ಯಾರೂ ಇಲ್ಲ. ಚೈನು ಬಿಚ್ಚಿದೆ. ಹೋಗೋ ಎಂದೆ. ಮೊದಲು ನಂಬಲಿಲ್ಲ. ಆಮೇಲೆ ಹೊರಟ ನೋಡು... ಹುಲ್ಲಿನ ಮೇಲೆ ಬರೀ ಎರಡು ಕಿವಿ.

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ನೋಡುವ ಧೈರ್ಯವಿಲ್ಲದೆ. ಮಂಜಿನೊಳಗೆ ಹೋದ. ಬಂದ. ಮತ್ತೆ ಹೋದ. ಈಗ ನನ್ನೆದುರೇ ನಿಂತು ಬೊಗಳುತ್ತಿದ್ದಾನೆ, ನಾಲಿಗೆ ಜೋತಾಡಿಸಿಕೊಂಡು — ನಾನೂ ಓಡಬೇಕಂತೆ. ಬಂದೆ ಕಣೋ, ಬಂದೆ, ತಡಿ, ಈ ಪೆನ್ನಿನ ಮುಚ್ಚಳ